ಎಕ್ಸ್‌ಚೇಂಜ್ ನೋಡಿಕೊಳ್ಳುವವರಿಗೆ ತರಬೇತಿ: ಯಾವ ದಾರಿ ಯಾರಿಗೆ?

ಆಸ್ಪತ್ರೆ, ಹೋಟೆಲ್, ಕಾಲೇಜು, ಕಾರ್ಖಾನೆಗಳಲ್ಲಿ ಆಡಳಿತ ನೋಡಿಕೊಳ್ಳುವವರು ನನ್ನ ಮುಂದಿಡುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. “ಇಂಟರ್‌ಕಾಮ್ ಕೆಟ್ಟಾಗಲೆಲ್ಲ ಹೊರಗಿನವರು ಬರುವ ತನಕ ಕಾಯಬೇಕು. ನಮ್ಮ ಎಲೆಕ್ಟ್ರಿಷಿಯನ್ ಚುರುಕಾಗಿದ್ದಾನೆ, ಅವನಿಗೇ ಕಲಿಸೋಣ ಅಂತಿದ್ದೀವಿ. ಎಲ್ಲಿಗೆ ಕಳಿಸೋದು?” ಇನ್ನೊಂದು ಕಡೆ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು, ಹುಡುಗಿಯರು. “ಸರ್, ಇಪಿಎಬಿಎಕ್ಸ್ ಕೆಲಸ ಕಲಿತರೆ ಮುಂದೆ ಅನ್ನ ಸಿಗುತ್ತಾ? ಇಲ್ಲಾ, ನೇರ ನೆಟ್‌ವರ್ಕಿಂಗ್‌ಗೇ ಹೋಗಲಾ?”

ಇಪಿಎಬಿಎಕ್ಸ್ ಎಂದರೆ ಸಂಸ್ಥೆಯ ಒಳಗಿನ ಫೋನುಗಳನ್ನು ಒಂದಕ್ಕೊಂದು, ಹೊರಗಿನ ಲೈನಿಗೂ ಸೇರಿಸುವ ಎಕ್ಸ್‌ಚೇಂಜ್ ಯಂತ್ರ. ಇಬ್ಬರ ಮುಂದೆಯೂ ನಾಲ್ಕೈದು ದಾರಿಗಳಿವೆ: ಐಟಿಐ ಅಥವಾ ಡಿಪ್ಲೊಮಾ, ಡೀಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು, ಯಂತ್ರ ತಯಾರಿಸಿದ ಕಂಪನಿಯ ತರಬೇತಿ, ದೂರಸಂಪರ್ಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರ ಬಳಿ ಪಾಠ, ನೆಟ್‌ವರ್ಕ್ ಕೋರ್ಸಿನ ಜೊತೆ ಮನೆಯಲ್ಲೇ ಪ್ರಯೋಗ. ಯಾವುದನ್ನೂ ಕೆಟ್ಟದ್ದು ಎನ್ನಲಾರೆ. ಆದರೆ ತಪ್ಪು ಜಾಗಕ್ಕೆ ತಪ್ಪು ತರಬೇತಿ ಕೊಡಿಸಿ ದುಡ್ಡು, ಉತ್ಸಾಹ ಎರಡೂ ಹಾಳಾಗಿರುವುದನ್ನು ಬಹಳ ಕಡೆ ಕಂಡಿದ್ದೇನೆ.

ತೂಗುವ ಮೊದಲು ಅಳತೆ ಯಾವುದು

ಮೊದಲು ನಿಮ್ಮ ಗೋಡೆಯ ಮೇಲೆ ಏನಿದೆ ನೋಡಿ. ಅನಲಾಗ್ ಇಪಿಎಬಿಎಕ್ಸ್ ಇದ್ದರೆ ಪ್ರತಿ ಎಕ್ಸ್‌ಟೆನ್ಷನ್‌ಗೂ ಒಂದೊಂದು ಜೊತೆ ತಂತಿ ಹೋಗಿರುತ್ತದೆ. ಹಾಗಾಗಿ ಕೆಲಸದ ಬಹುಪಾಲು ತಂತಿ, ಕ್ರೋನ್ ಮಾಡ್ಯೂಲ್ (ತಂತಿಗಳನ್ನು ಒತ್ತಿ ಜೋಡಿಸುವ ಪಟ್ಟಿ), ಅರ್ಥಿಂಗ್, ಬ್ಯಾಟರಿಯಲ್ಲೇ ಇರುತ್ತದೆ. ಹೊರಗಿನ ಲೈನುಗಳು ಪಿಆರ್‌ಐ (ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನ್) ಮೂಲಕ ಬರುತ್ತಿದ್ದರೆ ಅದು ಎರಡನೇ ಬಗೆ. ಸೆಕೆಂಡಿಗೆ 2.048 ಮೆಗಾಬಿಟ್‌ನ ಒಂದೇ ಕೊಂಡಿಯಲ್ಲಿ 32 ಕಾಲಖಂಡಗಳಿದ್ದು, ಅವುಗಳಲ್ಲಿ 30 ಮಾತಿಗೆ, ಒಂದು ತಾಳಕ್ಕೆ (ಎರಡೂ ತುದಿಗಳ ಯಂತ್ರಗಳನ್ನು ಹೊಂದಿಸಲು), ಇನ್ನೊಂದು ಸಿಗ್ನಲಿಂಗ್‌ಗೆ (ಕರೆ ಸೇರಿಸುವ ಸಂದೇಶಗಳಿಗೆ) ಮೀಸಲು. ಇಲ್ಲಿ ತಂತಿಯ ಜೊತೆ ಅಲಾರ್ಮ್ ಓದುವುದು, ಕ್ಲಾಕ್ ಹೊಂದಿಸುವುದು ಬರಬೇಕು. ಮೂರನೆಯದು ಐಪಿ. ಫೋನೂ ಕಂಪ್ಯೂಟರಿನ ಹಾಗೆ ನೆಟ್‌ವರ್ಕ್ ಸ್ವಿಚ್ಚಿಗೆ ಕೂತಿರುತ್ತದೆ, ಲೈನು ಎಸ್‌ಐಪಿ ಟ್ರಂಕ್ (ಡೇಟಾ ಜಾಲದ ಮೂಲಕ ಬರುವ ಫೋನ್ ಲೈನ್) ಆಗಿರುತ್ತದೆ. ಈಗ ಬಹಳ ಕಡೆ ಇರುವುದು ಈ ಮೂರರ ಮಿಶ್ರಣ. ಕೋಣೆಗಳಲ್ಲಿ ಅನಲಾಗ್, ಆಫೀಸಿನಲ್ಲಿ ಐಪಿ, ಹೊರಗೆ ಪಿಆರ್‌ಐ.

ಎರಡನೆಯ ಅಳತೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಆ ತರಬೇತಿಯಲ್ಲಿ ಕಲಿಯುವವನ ಕೈಗೆ ನಿಜವಾದ ಫಾಲ್ಟ್‌ಗಳು ಎಷ್ಟು ಸಿಗುತ್ತವೆ? ಚಾಲೂ ಇರುವ ಎಕ್ಸ್‌ಚೇಂಜ್ ತೋರಿಸಿ ಇದು ಈ ಕಾರ್ಡ್, ಅದು ಆ ಕಾರ್ಡ್ ಎಂದು ಹೇಳಿದರೆ ಯಾರಿಗೂ ರಿಪೇರಿ ಬರುವುದಿಲ್ಲ. ಕೆಟ್ಟದ್ದನ್ನು ಕೊಟ್ಟು ಹುಡುಕು ಎನ್ನಬೇಕು.

ಮೂರನೆಯದು ಸಮಯ. ಮುಂದಿನ ತಿಂಗಳು ಬೇಕೋ, ಮೂರು ವರ್ಷ ಕಾಯುವ ಜೀವನದ ನಿರ್ಧಾರವೋ? ನಾಲ್ಕನೆಯದು ಖರ್ಚು. ಇದರಲ್ಲಿ ಫೀಸಿಗಿಂತ ದೊಡ್ಡದು ಆ ದಿನಗಳ ಸಂಬಳ, ಊಟ, ವಸತಿ, ಅಷ್ಟು ದಿನ ಅವನ ಜಾಗದಲ್ಲಿ ನಿಲ್ಲುವವರ ವೆಚ್ಚ. ಐದನೆಯದು ಕಲಿತದ್ದರ ಆಯುಷ್ಯ. ಇವತ್ತು ಕಲಿತದ್ದು ಇನ್ನು ಎಂಟು-ಹತ್ತು ವರ್ಷಕ್ಕೆ ಕೆಲಸಕ್ಕೆ ಬರುತ್ತದೆಯೇ? ಕೊನೆಯದು ಕಾಗದ ಮತ್ತು ಕೀಲಿ: ಆ ಪ್ರಮಾಣಪತ್ರಕ್ಕೆ ಹೊರಗೆ ಬೆಲೆ ಇದೆಯೇ, ಯಂತ್ರದ ಪ್ರೋಗ್ರಾಮಿಂಗ್ ಪಾಸ್‌ವರ್ಡ್, ಬಿಡಿ ಕಾರ್ಡ್, ಕಂಪನಿಯ ಸಹಾಯ ಅದರಿಂದ ಸಿಗುತ್ತದೆಯೇ ಎಂಬುದು.

ಫಾಲ್ಟ್ ಹುಡುಕುವುದು ಎಂದರೆ

ದಾರಿಗಳನ್ನು ತೂಗುವ ಮೊದಲು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಿದ್ದರೆ ಯಾವ ತರಬೇತುದಾರರ ಮಾತನ್ನೂ ನೀವೇ ಪರೀಕ್ಷಿಸಬಹುದು.

ಒಂದು ಎಕ್ಸ್‌ಟೆನ್ಷನ್ ಡೆಡ್ ಆಗಿದೆ ಎಂದುಕೊಳ್ಳಿ. ಪಳಗಿದವನು ಮೊದಲು ಚೆನ್ನಾಗಿರುವ ಇನ್ನೊಂದು ಫೋನ್ ಹಾಕಿ ನೋಡುತ್ತಾನೆ. ಆಗಲೂ ಡೆಡ್ ಇದ್ದರೆ ನೇರ ಎಂಡಿಎಫ್‌ಗೆ (ಕಟ್ಟಡದ ತಂತಿಗಳೆಲ್ಲ ಎಕ್ಸ್‌ಚೇಂಜಿಗೆ ಸೇರುವ ಮುಖ್ಯ ಚೌಕಟ್ಟು) ಹೋಗಿ, ಕ್ರೋನ್‌ನಲ್ಲಿ ಆ ಜೋಡಿಯನ್ನು ಬೇರ್ಪಡಿಸಿ, ಎಕ್ಸ್‌ಚೇಂಜ್ ಕಡೆಗೆ ಟೆಸ್ಟ್ ಫೋನ್ ಹಚ್ಚುತ್ತಾನೆ. ಅಲ್ಲಿ ಡಯಲ್ ಟೋನ್ ಇದ್ದರೆ ತೊಂದರೆ ಕೇಬಲ್‌ನಲ್ಲಿ, ಇಲ್ಲದಿದ್ದರೆ ಕಾರ್ಡಿನಲ್ಲಿ. ಒಂದೇ ಹೆಜ್ಜೆಗೆ ಹುಡುಕುವ ಜಾಗ ಅರ್ಧ ಆಯಿತು. ಕಾರ್ಡಿನ ಕಡೆ ಎಂದಾದರೆ ಪೋರ್ಟ್ ಬದಲಿಸಿ ನೋಡುತ್ತಾನೆ. ಕೇಬಲ್ ಕಡೆ ಎಂದಾದರೆ ಮಧ್ಯದ ಡಿಸ್ಟ್ರಿಬ್ಯೂಷನ್ ಬಾಕ್ಸಿಗೆ ಹೋಗಿ ಮತ್ತೆ ಅರ್ಧ ಮಾಡುತ್ತಾನೆ. ಮೀಟರ್ ಹಿಡಿದರೆ ಬಿಎಸ್‌ಎನ್‌ಎಲ್‌ನ ತಾಮ್ರದ ಲೈನಿನಲ್ಲಿ ರಿಸೀವರ್ ಕೆಳಗಿದ್ದಾಗ 48 ವೋಲ್ಟ್‌ನ ಆಸುಪಾಸು, ಎತ್ತಿದಾಗ ಹತ್ತರ ಆಸುಪಾಸಿಗೆ ಇಳಿಯಬೇಕು ಎನ್ನುವುದು ಅವನಿಗೆ ಗೊತ್ತಿರುತ್ತದೆ. ಯಾರೂ ಎತ್ತದೇ ಆ ಮಟ್ಟಕ್ಕೆ ಇಳಿದಿದ್ದರೆ ಎಲ್ಲೋ ತಂತಿಗಳು ಒಂದಕ್ಕೊಂದು ತಾಗಿವೆ, ಇಲ್ಲವೇ ನೀರು ಹೊಕ್ಕಿದೆ.

ಪಿಆರ್‌ಐ ಇದ್ದು ಮಾತಿನ ನಡುವೆ ಕಟ್ ಕಟ್ ಶಬ್ದ ಬರುತ್ತಿದ್ದರೆ, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತಿದ್ದರೆ ಕಾರ್ಡ್ ಬದಲಿಸುವುದಕ್ಕೆ ಮೊದಲು ಕ್ಲಾಕ್ ನೋಡಬೇಕು. ತಾಳ ಯಾವಾಗಲೂ ಸೇವೆ ಕೊಡುವ ಕಂಪನಿಯ ಕಡೆಯಿಂದಲೇ ಬರಬೇಕು. ನಮ್ಮ ಯಂತ್ರವೂ ತನ್ನದೇ ತಾಳ ಹಾಕಲು ಶುರು ಮಾಡಿದರೆ ಹೀಗಾಗುತ್ತದೆ.

ಐಪಿಯಲ್ಲಿ ರೋಗ ಬೇರೆ, ಕ್ರಮ ಅದೇ. ಕರೆ ಸೇರಿಸುವ ಮಾತುಕತೆ ಸಾಮಾನ್ಯವಾಗಿ 5060 ಪೋರ್ಟಿನಲ್ಲಿ ನಡೆಯುತ್ತದೆ, ಧ್ವನಿ ಬೇರೆ ಪೋರ್ಟುಗಳಲ್ಲಿ ಹರಿಯುತ್ತದೆ. ರಿಂಗ್ ಆಗಿ, ಎತ್ತಿದ ಮೇಲೆ ಒಬ್ಬರ ಧ್ವನಿ ಮಾತ್ರ ಕೇಳಿಸಿದರೆ ಮೊದಲ ಸಂಶಯ ರೂಟರ್ ಮೇಲೆ. ಒಳಗಿನ ವಿಳಾಸ ಹೊರಗೆ ಹಾಗೇ ಹೋಗಿರುತ್ತದೆ, ಧ್ವನಿಗೆ ವಾಪಸ್ ಬರುವ ದಾರಿ ಸಿಗುವುದಿಲ್ಲ. ಕರೆ ಸರಿಯಾಗಿ 32 ಸೆಕೆಂಡಿಗೆ ಕಡಿದುಹೋಗುತ್ತಿದ್ದರೆ, ಫೋನ್ ಎತ್ತಿದ ಸುದ್ದಿಗೆ ಕೊಡಬೇಕಾದ ಖಾತ್ರಿ ಸಂದೇಶ ತಲುಪುತ್ತಿಲ್ಲ ಎಂದೇ ಅರ್ಥ. ಈ 32 ಸೆಕೆಂಡಿನ ಲೆಕ್ಕ ಎಸ್‌ಐಪಿಯ ನಿಯಮದಲ್ಲೇ ಇದೆ, ಯಾವ ಕಂಪನಿಯ ಯಂತ್ರವಾದರೂ ಅಷ್ಟೇ.

ಇಷ್ಟನ್ನು ಕೈಯಿಂದ ಮಾಡಿಸುವ ತರಬೇತಿ ಎಲ್ಲಿ ಸಿಕ್ಕರೂ ಒಳ್ಳೆಯದೇ.

ಐಟಿಐ ಮತ್ತು ಡಿಪ್ಲೊಮಾ

ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷ, ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಡಿಪ್ಲೊಮಾ ಮೂರು ವರ್ಷ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಉಂಟು. ಸರ್ಕಾರಿ ಸಂಸ್ಥೆಯಾದರೆ ಖರ್ಚು ಕಡಿಮೆ, ಕಾಗದಕ್ಕೆ ದೇಶದಾದ್ಯಂತ ಬೆಲೆ. ಬೆಸುಗೆ, ಮೀಟರ್, ಪವರ್ ಸಪ್ಲೈ, ಡಿಜಿಟಲ್ ಸರ್ಕ್ಯೂಟ್‌ಗಳ ಬುನಾದಿ ಗಟ್ಟಿಯಾಗುತ್ತದೆ. ಆಯುಷ್ಯದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಟೆಲಿಫೋನ್ ಸ್ವಿಚಿಂಗ್ ಈ ಪಠ್ಯಗಳಲ್ಲಿ ಒಂದು ಮೂಲೆಗೆ ಸರಿದಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿದಾಗ ಅಲ್ಲಿಗೆ ಬಂದದ್ದು ರೋಬೋಟ್, ಸಿಎನ್‌ಸಿ, ವಿದ್ಯುತ್ ವಾಹನಗಳ ಪ್ರಯೋಗಶಾಲೆ. ಅದು ಸರಿಯೇ, ಹೆಚ್ಚು ಕೆಲಸ ಅಲ್ಲಿದೆ. ಎಂಡಿಎಫ್ ಮುಂದೆ ನಿಂತು ಫಾಲ್ಟ್ ಹುಡುಕುವುದನ್ನು ಮಾತ್ರ ಅಲ್ಲಿ ನಿರೀಕ್ಷಿಸಬೇಡಿ. ಈಗಾಗಲೇ ಕೆಲಸದಲ್ಲಿರುವವರಿಗೆ ಈ ದಾರಿ ಆಗಿಬರುವುದಿಲ್ಲ. ಓದುತ್ತಿರುವವರು ರಜೆಯಲ್ಲಿ ಮೈಸೂರಿನ ಬಿಎಸ್‌ಎನ್‌ಎಲ್ ಪ್ರಾದೇಶಿಕ ದೂರಸಂಪರ್ಕ ತರಬೇತಿ ಕೇಂದ್ರದಂಥ ಕಡೆ ಅಲ್ಪಾವಧಿ ತರಬೇತಿ ಪಡೆದರೆ ಸಾರ್ವಜನಿಕ ಜಾಲದ ಒಟ್ಟು ರಚನೆಯನ್ನು ಕಣ್ಣಾರೆ ನೋಡಬಹುದು. ನೋಡುವುದಕ್ಕೆ ಅದು ಚೆನ್ನ. ರಿಪೇರಿ ಪಳಗಲು ಅಷ್ಟು ದಿನ ಸಾಲದು.

ಡೀಲರ್ ಅಂಗಡಿಯಲ್ಲಿ ಪಳಗುವುದು

ಹುಬ್ಬಳ್ಳಿ, ಮಂಗಳೂರು, ಮೈಸೂರು, ಬೆಂಗಳೂರು, ಎಲ್ಲಿ ನೋಡಿದರೂ ಇಪಿಎಬಿಎಕ್ಸ್, ಸಿಸಿಟಿವಿ ಹಾಕಿ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ನಡೆಸುವ ಅಂಗಡಿಗಳಿವೆ. ಫಾಲ್ಟ್‌ಗಳ ಸಂಖ್ಯೆಯಲ್ಲಿ ಈ ದಾರಿಯನ್ನು ಮೀರಿಸಿದ್ದು ಇಲ್ಲ. ಬೆಳಿಗ್ಗೆ ಲಾಡ್ಜಿನಲ್ಲಿ ಇಲಿ ಕಡಿದ ಕೇಬಲ್, ಮಧ್ಯಾಹ್ನ ಬ್ಯಾಂಕಿನಲ್ಲಿ ಪಿಆರ್‌ಐ ಅಲಾರ್ಮ್, ಸಂಜೆ ಗುಡುಗಿಗೆ ಸುಟ್ಟ ಟ್ರಂಕ್ ಕಾರ್ಡ್. ಬಿಳಿ ತಂತಿಯ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಆಮೇಲೆ ಕೆಂಪಿನ ಜೊತೆ ಅದೇ ಐದು ಎನ್ನುವ ಬಣ್ಣದ ಕ್ರಮ ಇಲ್ಲಿ ಬಾಯಿಪಾಠ ಮಾಡದೆಯೇ ಕೈಗೆ ಬರುತ್ತದೆ.

ಕೊರತೆ ಎರಡು. ಒಂದು, ಯಾಕೆ ಎನ್ನುವುದನ್ನು ಹೇಳಿಕೊಡುವವರು ಕಡಿಮೆ. ಕಾರ್ಡ್ ಬದಲಿಸು, ರೀಸೆಟ್ ಮಾಡು, ನಡೆದರೆ ಸರಿ, ಮುಂದಿನ ಸೈಟಿಗೆ ಹೊರಡು. ಅರ್ಥಿಂಗ್ ಸರಿಯಿಲ್ಲದೆ ಪ್ರತಿ ಮಳೆಗಾಲವೂ ಅದೇ ಕಾರ್ಡ್ ಸುಡುತ್ತಿದ್ದರೂ ಕಾರ್ಡ್ ಮಾರಾಟವಷ್ಟೇ ನಡೆಯುವ ಜಾಗಗಳಿವೆ. ಮಲೆನಾಡು, ಕರಾವಳಿಯಲ್ಲಿ ಎಂಡಿಎಫ್‌ನ ಪ್ರತಿ ಹೊರಗಿನ ಜೋಡಿಗೂ ಮಿಂಚು ತಡೆಯುವ ಜಿಡಿಟಿ ಇರಬೇಕು, ಅದರ ತಳ ಒಳ್ಳೆಯ ಅರ್ಥಿಗೆ ಸೇರಿರಬೇಕು. ಇದನ್ನು ಕಲಿಸದ ಗುರು ಅರ್ಧ ವಿದ್ಯೆ ಮಾತ್ರ ಕಲಿಸುತ್ತಿದ್ದಾನೆ. ಎರಡು, ಸಂಬಳ ತೀರಾ ಕಡಿಮೆ, ಎಷ್ಟೋ ಕಡೆ ಕಾಗದವೇ ಇಲ್ಲ.

ಎರಡನೇ ಕೊರತೆಗೆ ಅಪ್ರೆಂಟಿಸ್‌ಶಿಪ್ ಮದ್ದು. ಐಟಿಐ ಆದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ, ಡಿಪ್ಲೊಮಾ ಆದವರಿಗೆ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ). 2016ರಲ್ಲಿ ಶುರುವಾದ ಮೊದಲನೆಯದರಲ್ಲಿ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ ₹1,500ರ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತದೆ. ಎರಡನೆಯದರಲ್ಲಿ ನಿಗದಿತ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಸರ್ಕಾರ ಭರಿಸುತ್ತದೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದು ಕಾನೂನು ಹೇಳುತ್ತದೆ. ಆಸ್ಪತ್ರೆ, ಹೋಟೆಲ್‌ಗಳ ಆಡಳಿತದವರು ಇದನ್ನು ಹೊರೆ ಎಂದುಕೊಳ್ಳದೆ, ಎಕ್ಸ್‌ಚೇಂಜ್ ಕೋಣೆಗೆ ಒಬ್ಬರನ್ನು ತಯಾರು ಮಾಡಿಕೊಳ್ಳುವ ಅವಕಾಶ ಎಂದುಕೊಳ್ಳಬಹುದು.

ತಯಾರಕರ ತರಬೇತಿ

ವಡೋದರಾದ ಮ್ಯಾಟ್ರಿಕ್ಸ್‌ನಂಥ ತಯಾರಕರು ತಮ್ಮ ಯಂತ್ರಗಳಿಗೆ ತಾವೇ ತರಬೇತಿ ಕೊಡುತ್ತಾರೆ. ಕೆಲವೇ ದಿನ, ಆ ಯಂತ್ರದ ಪ್ರೋಗ್ರಾಮಿಂಗ್ ಪೂರ್ತಿ, ಮುಗಿದ ಮೇಲೆ ಕಷ್ಟಕ್ಕೆ ಕರೆ ಮಾಡಲು ಒಂದು ದಾರಿ. ನಿಮ್ಮಲ್ಲಿ ಅದೇ ಯಂತ್ರವಿದ್ದು ತುರ್ತಾಗಿ ಒಬ್ಬರು ಬೇಕಿದ್ದರೆ ಇದೇ ಅತ್ಯಂತ ನೇರ ದಾರಿ. ಎಕ್ಸ್‌ಟೆನ್ಷನ್ ನಂಬರ್ ಬದಲಿಸುವುದು, ಯಾರಿಗೆ ಎಸ್‌ಟಿಡಿ ಬಿಡಬೇಕು ಎನ್ನುವುದು, ಕರೆಯ ಲೆಕ್ಕ ತೆಗೆಯುವುದು, ಬ್ಯಾಕಪ್ ಇಡುವುದು, ಇವೆಲ್ಲ ಒಂದು ವಾರದೊಳಗೆ ಕೈಗೆ ಬರುತ್ತವೆ.

ಆಯುಷ್ಯ ಮಾತ್ರ ಆ ಬ್ರ್ಯಾಂಡಿನ ಆಯುಷ್ಯ. ಪ್ಯಾನಸೋನಿಕ್‌ನ ಟಿಇಎಸ್ 824 ನಮ್ಮ ಸಣ್ಣ ಆಫೀಸು, ಕ್ಲಿನಿಕ್, ಲಾಡ್ಜುಗಳಲ್ಲಿ ಮನೆಮಾತಾದ ಯಂತ್ರ. ಮೂರು ಲೈನು ಎಂಟು ಎಕ್ಸ್‌ಟೆನ್ಷನ್‌ನಿಂದ ಶುರುವಾಗಿ ಎಂಟು ಲೈನು 24 ಎಕ್ಸ್‌ಟೆನ್ಷನ್ ತನಕ ಬೆಳೆಸಬಹುದಿತ್ತು. ಆ ಕಂಪನಿ ಪಿಬಿಎಕ್ಸ್ ವ್ಯಾಪಾರದಿಂದಲೇ ಹಿಂದೆ ಸರಿದಿದೆ. ದೊಡ್ಡ ಕಚೇರಿಗಳಿಗೆ ಯಂತ್ರ ಕೊಡುವ ಅವಾಯಾ 2017 ಮತ್ತು 2023ರಲ್ಲಿ, ಎರಡು ಬಾರಿ, ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ ಹೊರಬಂತು. ಬರೀ ಒಂದು ಬ್ರ್ಯಾಂಡಿನ ಮೆನು ಕಲಿತವನಿಗೆ ಇಂಥ ಸುದ್ದಿ ಬಂದಾಗ ನೆಲೆ ಅಲುಗುತ್ತದೆ. ಕೆಳಗಿನ ತತ್ವ ಗೊತ್ತಿದ್ದವನಿಗೆ ಹೊಸ ಮೆನು ಕಲಿಯಲು ಎರಡು ದಿನ ಸಾಕು. ಹಾಗಾಗಿ ಇದನ್ನು ಬುನಾದಿ ಇರುವವರಿಗೆ ಮಾತ್ರ ಕೊಡಿಸಿ, ಅದೂ ಯಂತ್ರ ಕೊಳ್ಳುವಾಗಲೇ ಕರಾರಿನಲ್ಲಿ ಸೇರಿಸಿ. ಕೊಂಡ ಮೇಲೆ ಕೇಳಿದರೆ ಅದಕ್ಕೆ ಬೇರೆ ದುಡ್ಡು.

ನಿವೃತ್ತರಾದ ಅನುಭವಿಗಳು

ಈ ದಾರಿಯನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ನನಗೆ ಮಾತ್ರ ಇದರ ಮೇಲೆ ಬಹಳ ಗೌರವ.

2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಟೆಲಿಕಾಂ ಮೆಕ್ಯಾನಿಕ್, ಜೆಟಿಒ (ಕಿರಿಯ ದೂರಸಂಪರ್ಕ ಅಧಿಕಾರಿ), ಕೇಬಲ್ ಜೋಡಿಸುವವರು ನಮ್ಮ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಇವರ ಕಲಿಕೆಯ ಹಿಂದೆ ದೊಡ್ಡ ಪರಂಪರೆಯೇ ಇದೆ. 1948ರಲ್ಲಿ ಶುರುವಾದ ಬೆಂಗಳೂರು ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಸ್ಟ್ರೋಜರ್ ಎಂಬ ಯಾಂತ್ರಿಕ ಎಕ್ಸ್‌ಚೇಂಜ್‌ಗಳನ್ನು ಮಾಡಿತು, ಆಮೇಲೆ ಕ್ರಾಸ್‌ಬಾರ್ ಮಾಡಿತು. ಸ್ಟ್ರೋಜರ್ ಯಂತ್ರಗಳಲ್ಲಿ ಸೆಲೆಕ್ಟರ್ ಏರಿ ಸುತ್ತುವುದು ಕಣ್ಣಿಗೆ ಕಾಣುತ್ತಿತ್ತು, ಸದ್ದು ಬದಲಾದರೆ ಕಿವಿಗೆ ಗೊತ್ತಾಗುತ್ತಿತ್ತು. 1984ರಲ್ಲಿ ಸಿ-ಡಾಟ್ (ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ) ಹುಟ್ಟಿ, 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಅದರ ಮೊದಲ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. ಏರ್‌ಕಂಡೀಷನರ್ ಇಲ್ಲದೆ ಹಳ್ಳಿಯ ಧೂಳು, ಸೆಕೆಯಲ್ಲಿ ನಡೆಯಬೇಕು ಎಂದೇ ಅದನ್ನು ರೂಪಿಸಿದ್ದರು. ಅಲ್ಲಿಂದ ಮುಂದೆ ಹಳ್ಳಿಯ ತಂತ್ರಜ್ಞನ ಕೆಲಸದ ಸ್ವರೂಪವೇ ಬದಲಾಯಿತು. ಬಿಡಿಭಾಗ ತಿದ್ದುವ ಬದಲು ಯಾವ ಕಾರ್ಡ್ ಕೆಟ್ಟಿದೆ ಎಂದು ಪತ್ತೆ ಮಾಡಿ, ಬದಲಿಸಿ, ಕೆಟ್ಟದ್ದನ್ನು ರಿಪೇರಿ ಕೇಂದ್ರಕ್ಕೆ ಕಳಿಸುವುದು. ಈ ಬದಲಾವಣೆಗಳನ್ನು ಮೈಮೇಲೆ ತೆಗೆದುಕೊಂಡು ದುಡಿದವರು ಈಗಲೂ ನಮ್ಮ ನಡುವೆ ಇದ್ದಾರೆ.

ಅಂಥ ಒಬ್ಬರನ್ನು ವಾರಕ್ಕೆ ಎರಡು ದಿನದಂತೆ ಎರಡು-ಮೂರು ತಿಂಗಳು ನಿಮ್ಮ ಸಂಸ್ಥೆಗೇ ಕರೆಸಿ, ನಿಮ್ಮ ಎಂಡಿಎಫ್ ಮುಂದೆಯೇ ಕಲಿಸಿ ಎಂದು ಕೇಳಿ. ಹುಡುಗ ಕೆಲಸ ಬಿಟ್ಟು ಹೋಗಬೇಕಿಲ್ಲ, ಕಲಿಯುವುದು ನಿಮ್ಮದೇ ಕೇಬಲ್ ಮೇಲೆ. ಪಾಠದ ಫಲವಾಗಿ ನಿಮ್ಮ ಕಟ್ಟಡದ ಕೇಬಲ್ ರಿಜಿಸ್ಟರ್ ಕೂಡ ಸಿದ್ಧವಾಗುತ್ತದೆ. ಯಾವ ಜೋಡಿ ಯಾವ ಕೋಣೆಗೆ ಹೋಗಿದೆ ಎನ್ನುವ ಆ ಒಂದು ಪುಸ್ತಕ ಇಲ್ಲದೆಯೇ ಬಹಳಷ್ಟು ಕಡೆ ಅರ್ಧ ದಿನದ ಕೆಲಸ ಎರಡು ದಿನ ಎಳೆಯುತ್ತದೆ. ಬ್ಯಾಟರಿ, ಅರ್ಥಿಂಗ್, ಕೇಬಲ್ ವಿಷಯದಲ್ಲಿ ಇವರಷ್ಟು ಶಿಸ್ತು ಬೇರೆ ಕಡೆ ಸಿಗುವುದು ಕಷ್ಟ. ಐಪಿ ಕಡೆ ಎಲ್ಲರಿಗೂ ಅಷ್ಟೇ ಹಿಡಿತ ಇರಲಿಕ್ಕಿಲ್ಲ, ಪ್ರಮಾಣಪತ್ರವೂ ಸಿಗುವುದಿಲ್ಲ. ಅನಲಾಗ್ ಮತ್ತು ಪಿಆರ್‌ಐ ಇರುವ ಕಡೆ, ಕಡಿಮೆ ಬಜೆಟ್ಟಿನಲ್ಲಿ, ನನ್ನ ಮೊದಲ ಸಲಹೆ ಇದೇ.

ನೆಟ್‌ವರ್ಕ್ ಕೋರ್ಸ್ ಮತ್ತು ಸ್ವಂತ ಲ್ಯಾಬ್

ಐಪಿ ಫೋನ್ ನೋಡಿಕೊಳ್ಳುವವನಿಗೆ ಐಪಿ ವಿಳಾಸ, ವಿಎಲ್‌ಎಎನ್ (ಒಂದೇ ಜಾಲವನ್ನು ಭಾಗ ಮಾಡುವುದು), ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಹಂಚುವುದು), ರೂಟರ್, ಫೈರ್‌ವಾಲ್ ಗೊತ್ತಿರಲೇಬೇಕು. ಸಿಸ್ಕೋ ಕಂಪನಿಯ ನೆಟ್‌ವರ್ಕ್ ಪ್ರಮಾಣಪತ್ರ ಸಿಸಿಎನ್‌ಎ ಇದಕ್ಕೆ ಒಳ್ಳೆಯ ಬುನಾದಿ, ಕೆಲಸದ ಮಾರುಕಟ್ಟೆಯಲ್ಲಿ ಬೆಲೆಯೂ ಇದೆ. ಆದರೆ ಪರೀಕ್ಷೆಯ ಶುಲ್ಕವೇ 300 ಡಾಲರ್, ಕೋಚಿಂಗ್ ಬೇರೆ. ಅದರಲ್ಲಿ ಫೋನಿನ ಪಾಠ ಬಹಳ ತೆಳು. ಅನಲಾಗ್ ಹೋಟೆಲಿನ ಎಲೆಕ್ಟ್ರಿಷಿಯನ್‌ನನ್ನು ಇದಕ್ಕೆ ಕಳಿಸಿದರೆ ಅವನಿಗೂ ಕಷ್ಟ, ನಿಮಗೂ ಲಾಭವಿಲ್ಲ.

ಫೋನಿನ ಪಾಠವನ್ನು ತುಂಬಿಕೊಳ್ಳಲು ಸ್ವಂತ ಲ್ಯಾಬ್ ಕಟ್ಟಿ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರು ಮಾಡಿದ ಆಸ್ಟರಿಸ್ಕ್ ಉಚಿತ ತಂತ್ರಾಂಶ. ಒಂದು ಹಳೆಯ ಡೆಸ್ಕ್‌ಟಾಪಿಗೆ ಅದನ್ನು ಹಾಕಿದರೆ ಆ ಕಂಪ್ಯೂಟರೇ ಎಕ್ಸ್‌ಚೇಂಜ್ ಆಗುತ್ತದೆ. ಅದರ ಮೇಲೆ ಫ್ರೀಪಿಬಿಎಕ್ಸ್ ಇಟ್ಟರೆ ಬ್ರೌಸರಿನಲ್ಲೇ ಎಕ್ಸ್‌ಟೆನ್ಷನ್‌ಗಳನ್ನು ಸೇರಿಸಬಹುದು. ಮನೆಯವರ ಮೊಬೈಲಿಗೆ ಉಚಿತ ಸಾಫ್ಟ್‌ಫೋನ್ ಹಾಕಿದರೆ ಫೋನುಗಳೂ ಸಿದ್ಧ. ಜೊತೆಗೆ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹಳೆಯದೊಂದು ಸಣ್ಣ ಅನಲಾಗ್ ಇಂಟರ್‌ಕಾಮ್ ಯಂತ್ರ, ಒಂದು ಕ್ರೋನ್ ಮಾಡ್ಯೂಲ್, ಪಂಚಿಂಗ್ ಟೂಲ್, ಮೀಟರ್ ಕೊಂಡರೆ ತಂತಿಯ ಕಡೆಯೂ ಆಯಿತು. ಕೈಯಲ್ಲಿರುವ ಕಂಪ್ಯೂಟರನ್ನೇ ಬಳಸಿದರೆ ಒಟ್ಟು ಖರ್ಚು ಖಾಸಗಿ ಕೋರ್ಸೊಂದರ ಫೀಸಿಗಿಂತ ಬಹಳ ಕಡಿಮೆ.

ಲ್ಯಾಬ್ ಕಟ್ಟಿ ಕರೆ ಹೋಯಿತು ಎಂದು ಸಂತೋಷಪಟ್ಟು ನಿಲ್ಲಿಸಬೇಡಿ. ಅಲ್ಲಿಂದ ಕಲಿಕೆ ಶುರು. ಗೆಳೆಯನೊಬ್ಬನಿಗೆ ಗುಟ್ಟಾಗಿ ಏನಾದರೂ ಕೆಡಿಸಲು ಹೇಳಿ: ಪಾಸ್‌ವರ್ಡ್ ಬದಲಿಸಲಿ, ಧ್ವನಿಯ ಪೋರ್ಟುಗಳನ್ನು ಫೈರ್‌ವಾಲ್‌ನಲ್ಲಿ ಮುಚ್ಚಲಿ, ಎರಡು ಸಾಧನಕ್ಕೆ ಒಂದೇ ಐಪಿ ವಿಳಾಸ ಕೊಡಲಿ. ನೀವು ವೈರ್‌ಶಾರ್ಕ್ (ಜಾಲದಲ್ಲಿ ಹರಿಯುವ ಸಂದೇಶಗಳನ್ನು ತೋರಿಸುವ ತಂತ್ರಾಂಶ) ಹಚ್ಚಿ ಹುಡುಕಿ. 401 ಎಂದರೆ ಎದುರಿನವನು ಗುರುತು ಕೇಳುತ್ತಿದ್ದಾನೆ, 404 ಎಂದರೆ ಅಂಥ ನಂಬರಿಲ್ಲ, 408 ಎಂದರೆ ಉತ್ತರವೇ ಬಂದಿಲ್ಲ, 486 ಎಂದರೆ ಬ್ಯುಸಿ. ಈ ಅಂಕಿಗಳು ಕಣ್ಣಿಗೆ ಬಿದ್ದ ಕೂಡಲೇ ಅರ್ಥವಾಗುವ ತನಕ ಆಡಬೇಕು. ಸ್ವಂತ ಲ್ಯಾಬಿನ ದೊಡ್ಡ ಕೊರತೆ ಎಂದರೆ ಅಲ್ಲಿ ಒತ್ತಡ ಇಲ್ಲ. ರಾತ್ರಿ ಹತ್ತಕ್ಕೆ ತುರ್ತು ವಿಭಾಗದ ಫೋನ್ ಸತ್ತಾಗ ತಲೆ ತಣ್ಣಗಿಟ್ಟು ಕೆಲಸ ಮಾಡುವುದು ಸೈಟಿನಲ್ಲೇ ಬರಬೇಕು.

ಐಪಿ ಕಲಿಸುವ ಯಾವ ತರಬೇತಿಯಲ್ಲೂ ಭದ್ರತೆಯ ಪಾಠ ಇದೆಯೇ ನೋಡಿ. ಹೊರಜಾಲಕ್ಕೆ ತೆರೆದಿಟ್ಟ ಎಕ್ಸ್‌ಚೇಂಜಿನಲ್ಲಿ ಎಕ್ಸ್‌ಟೆನ್ಷನ್ 101ಕ್ಕೆ ಪಾಸ್‌ವರ್ಡೂ 101 ಎಂದಿಟ್ಟರೆ, ಕಳ್ಳರು ರಾತ್ರಿಯೆಲ್ಲ ಅದರಿಂದ ವಿದೇಶಗಳಿಗೆ ಕರೆ ಮಾಡುತ್ತಾರೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ. ಕಾನೂನಿನ ಪಾಠವೂ ಬೇಕು. ಇಂಟರ್‌ನೆಟ್ಟಿನಲ್ಲಿ ಬಂದ ವಿದೇಶಿ ಕರೆಯನ್ನು ಪರವಾನಗಿ ಇಲ್ಲದೆ ಸ್ಥಳೀಯ ಲೈನಿಗೆ ದಾಟಿಸುವುದು ಅಪರಾಧ. ಯಾರೋ ಹಣದ ಆಸೆ ತೋರಿಸಿ ಇಂಥ ಜೋಡಣೆ ಮಾಡಿಕೊಡು ಎಂದಾಗ ಬೇಡ ಎನ್ನುವ ತಿಳಿವಳಿಕೆ ಹೊಸಬರಿಗೆ ಮೊದಲೇ ಇರಬೇಕು.

ಯಾರಿಗೆ ಯಾವುದು

ಚಿಕ್ಕಮಗಳೂರಿನ ಕಡೆಯ 40 ಕೋಣೆಗಳ ಹೋಟೆಲ್, ಪೂರ್ತಿ ಅನಲಾಗ್: ಇರುವ ಎಲೆಕ್ಟ್ರಿಷಿಯನ್‌ಗೇ ನಿವೃತ್ತರೊಬ್ಬರಿಂದ ಎಂಡಿಎಫ್, ಅರ್ಥಿಂಗ್, ಬ್ಯಾಟರಿ ಪಾಠ. ಡೀಲರ್ ಜೊತೆ ಎರಡು-ಮೂರು ದಿನ ಕೂರಿಸಿ ನಿಮ್ಮ ಯಂತ್ರದ ಪ್ರೋಗ್ರಾಮಿಂಗ್. ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ಕಾಣುವುದಿಲ್ಲ.

ಮುನ್ನೂರು ಎಕ್ಸ್‌ಟೆನ್ಷನ್‌ಗಳ ಆಸ್ಪತ್ರೆ, ಪಿಆರ್‌ಐ ಇದೆ, ಅರ್ಧ ಐಪಿಗೆ ಹೋಗಿದೆ. ಇಲ್ಲಿ ಒಬ್ಬನೇ ಎಲ್ಲ ಕಲಿಯಲಿ ಎನ್ನುವ ಆಸೆ ಬಿಡಿ. ತಂತಿಯ ಕಡೆಯಿಂದ ಒಬ್ಬ, ಐಟಿ ವಿಭಾಗದಿಂದ ಒಬ್ಬರು. ಮೊದಲನೆಯವನಿಗೆ ಡೀಲರ್ ಅಥವಾ ನಿವೃತ್ತರ ಪಾಠ, ಎರಡನೆಯವರಿಗೆ ನೆಟ್‌ವರ್ಕ್ ಬುನಾದಿಯ ಮೇಲೆ ತಯಾರಕರ ತರಬೇತಿ, ಆಮೇಲೆ ಇಬ್ಬರೂ ಪರಸ್ಪರ ಕಲಿಸಿಕೊಳ್ಳಲಿ. ಆಸ್ಪತ್ರೆಯಲ್ಲಿ ಇನ್ನೊಂದು ವಿಷಯ ಬಿಡುವಂತಿಲ್ಲ. ಕರೆಂಟ್, ಬ್ಯಾಟರಿ ಎರಡೂ ಹೋದಾಗ ಹೊರಗಿನ ಲೈನನ್ನು ನೇರವಾಗಿ ಒಂದು ಫೋನಿಗೆ ಸೇರಿಸುವ ವ್ಯವಸ್ಥೆ ಬಹಳ ಅನಲಾಗ್ ಯಂತ್ರಗಳಲ್ಲಿದೆ. ಆ ಫೋನ್ ತುರ್ತು ವಿಭಾಗದಲ್ಲೇ ಇದೆಯೇ, ಯಂತ್ರ ಆರಿಸಿದಾಗ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತರಬೇತಿಯಲ್ಲೇ ಪರೀಕ್ಷೆ ಮಾಡಿಸಿ.

ಹೊಸ ಕಾಲೇಜು ಅಥವಾ ಆಫೀಸು, ಪೂರ್ತಿ ಐಪಿ: ಐಟಿ ನೋಡುವವರೇ ಸಾಕು. ನೆಟ್‌ವರ್ಕ್ ಬುನಾದಿ, ಆಸ್ಟರಿಸ್ಕ್ ಲ್ಯಾಬ್, ನಿಮ್ಮ ಯಂತ್ರದ ತಯಾರಕರಿಂದ ಚಿಕ್ಕದೊಂದು ತರಬೇತಿ.

ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು ಮೊದಲು ಐಟಿಐ ಅಥವಾ ಡಿಪ್ಲೊಮಾ ಮಾಡಿ. ಮನೆಯಲ್ಲಿ ಬೇಗ ಸಂಪಾದನೆ ಬೇಕಿದ್ದರೆ ಐಟಿಐ, ಒಂದು ವರ್ಷ ಹೆಚ್ಚು ಓದುವ ಅನುಕೂಲವಿದ್ದರೆ ಡಿಪ್ಲೊಮಾ. ಓದುವಾಗಲೇ ಲ್ಯಾಬ್ ಕಟ್ಟಿ, ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗಿ. ಡಿಪ್ಲೊಮಾ ಈಗಾಗಲೇ ಕೈಯಲ್ಲಿದ್ದರೆ ಇಪಿಎಬಿಎಕ್ಸೋ ನೆಟ್‌ವರ್ಕಿಂಗೋ ಎಂದು ಆರಿಸುವ ಗೋಜಿಗೆ ಹೋಗಬೇಡಿ. ಎರಡೂ ಬಲ್ಲವರು ಕಡಿಮೆ, ಕೆಲಸ ಇರುವುದು ಅವರಿಗೇ. ಹಳೆಯ ತಂತಿಯನ್ನು ಹೊಸ ಐಪಿಗೆ ಸೇರಿಸುವ ಗೇಟ್‌ವೇ ಕೆಲಸ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಬಹಳ ವರ್ಷ ಇರುತ್ತದೆ ಎನ್ನುವುದು ನನ್ನ ಅಂದಾಜು.

ದುಡ್ಡು ಕಟ್ಟುವ ಮುನ್ನ

ತರಬೇತಿ ಕೊಡುವವರನ್ನು ನೇರವಾಗಿ ಕೇಳಿ: ಒಂದು ಯಂತ್ರಕ್ಕೆ ಎಷ್ಟು ಜನ? ಫಾಲ್ಟ್ ಹಾಕಿ ಹುಡುಕಿಸುತ್ತೀರಾ? ಎಂಡಿಎಫ್ ಇದೆಯಾ, ಬರೀ ಪ್ರೊಜೆಕ್ಟರ್ ಇದೆಯಾ? ಕೊನೆಯ ಪರೀಕ್ಷೆ ಬರೆಯುವುದಾ, ಮಾಡಿ ತೋರಿಸುವುದಾ? ಈ ಹಿಂದೆ ಕಲಿತವರೊಬ್ಬರ ಜೊತೆ ಮಾತಾಡಿಸುತ್ತೀರಾ? ಉತ್ತರ ಕೊಡಲು ತಡವರಿಸಿದರೆ ಫೀಸು ಎಷ್ಟೇ ಕಡಿಮೆ ಇರಲಿ, ಎದ್ದು ಬನ್ನಿ.

ಕಲಿತು ಬಂದವರು ಬಿಟ್ಟುಹೋದರೆ ಏನು ಗತಿ ಎಂದು ಆಡಳಿತದವರು ಹೆದರುವುದು ಸಹಜ. ಬಾಂಡ್ ಬರೆಸಿಕೊಳ್ಳುವುದಕ್ಕಿಂತ ಸಂಬಳ ಸ್ವಲ್ಪ ಏರಿಸುವುದು, ಜೊತೆಗೆ ಇನ್ನೊಬ್ಬರಿಗೆ ಕಲಿಸುವ ಜವಾಬ್ದಾರಿ ಕೊಡುವುದು ಹೆಚ್ಚು ಫಲ ಕೊಟ್ಟಿದೆ. ಹೊಸ ಯಂತ್ರ ಕೊಳ್ಳುವವರಾದರೆ ಪರ್ಚೇಸ್ ಆರ್ಡರಿನಲ್ಲೇ ನಾಲ್ಕು ಸಾಲು ಬರೆಯಿರಿ: ನಮ್ಮ ಇಬ್ಬರಿಗೆ ನಮ್ಮ ಜಾಗದಲ್ಲೇ ತರಬೇತಿ, ಅಡ್ಮಿನ್ ಪಾಸ್‌ವರ್ಡ್ ನಮ್ಮ ಕೈಗೆ, ಕೇಬಲ್ ರಿಜಿಸ್ಟರ್ ಬರೆದುಕೊಡುವುದು, ಮತ್ತು ಕಾನ್ಫಿಗರೇಷನ್ ಬ್ಯಾಕಪ್ ತೆಗೆದು, ಅದನ್ನು ಯಂತ್ರಕ್ಕೆ ಮತ್ತೆ ತುಂಬುವುದನ್ನು ನಮ್ಮವರೇ ಒಮ್ಮೆ ಮಾಡಿ ತೋರಿಸುವ ತನಕ ಕೊನೆಯ ಕಂತು ಕೊಡುವುದಿಲ್ಲ ಎನ್ನುವ ಷರತ್ತು.